ಸಮುದ್ರದ ತಳದಲ್ಲಿ ಹಿಟ್ಟಿನ ಗಿರಣಿ

ಬಾದಾಮಿಯ ಅರಸರು ಬಂಡೆ ಕೊರೆಸಿ ಹೆಸರು ಉಳಿಸಿಕೊಂಡರು. ಐಹೊಳೆಯ ಕಲ್ಲುಕುಟಿಗರು ಗುಡಿಯ ಪಕ್ಕ ಗುಡಿ ಕಟ್ಟಿ ಕೈ ಪಳಗಿಸಿಕೊಂಡರು. ಇಳಕಲ್ಲಿನವರು ಸೀರೆ ನೇಯ್ದು ಎರಡು ರಾಜ್ಯಗಳ ಹೆಂಗಸರನ್ನು ಗೆದ್ದರು. ಗುಳೇದಗುಡ್ಡದ ನೇಕಾರ ಓಣಿಯ ಶಾಲೆಯ ಅತಿಥಿ ಶಿಕ್ಷಕ ಅಮಾತೆಪ್ಪ ಮಾಸ್ತರರು ಇಂಥದ್ದೇನನ್ನೂ ಮಾಡಲಿಲ್ಲ. ಅವರು ಒಂದು ಪ್ರಶ್ನೆ ಕೇಳಿದರು. ಏಳು ವರ್ಷ ಅದನ್ನೇ ಕೇಳಿದರು.

"ಮೊದಲ ನೀವು ಹೇಳ್ರಿ, ಇದರ ಬಗ್ಗೆ ನಿಮಗೇನ ಗೊತ್ತೈತಿ?"

ಈ ಪ್ರಶ್ನೆಯ ಮಹಿಮೆಯನ್ನು ಊರು ಹಲವು ಬಗೆಯಲ್ಲಿ ಹಾಡಿ ಹೊಗಳುತ್ತದೆ. ಒಮ್ಮೆ ಮಾಸ್ತರರು ಹುನಗುಂದಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತಿದ್ದರು. ಕಂಡಕ್ಟರು ಬಂದು ಎಲ್ಲಿಗೆ ಎಂದ. ರೂಢಿಬಲದಿಂದ ಇವರು, ಮೊದಲು ನೀವು ಹೇಳಿ, ನಿಮಗೇನನ್ನಿಸುತ್ತದೆ ಎಂದರು. ಕಂಡಕ್ಟರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕಮತಗಿಗೆ ಟಿಕೆಟ್ ಹರಿದ. ಮಾಸ್ತರರು ಆ ಉತ್ತರವನ್ನು ಗೌರವಿಸಿ ಕಮತಗಿಯಲ್ಲೇ ಇಳಿದರಂತೆ. ಇಳಕಲ್ಲಿನಲ್ಲಿ ಹೆಣ್ಣು ನೋಡಲು ಹೋದಾಗಲೂ ಹಾಗೆಯೇ. ಏನಾದರೂ ಕೇಳುವುದಿದ್ದರೆ ಕೇಳಿ ಎಂದು ಹುಡುಗಿಯ ಅಪ್ಪ ಹೇಳಿದ್ದೇ ತಡ, ನನ್ನ ಬಗ್ಗೆ ನಿಮಗೆ ಮೊದಲೇ ಏನೇನು ಗೊತ್ತು ಎಂದು ಹುಡುಗಿಯನ್ನೇ ಕೇಳಿದರು. ದಾನೇಶ್ವರಿ ಹನ್ನೊಂದು ಸಂಗತಿ ಹೇಳಿದಳು. ಅವುಗಳಲ್ಲಿ ಒಂಬತ್ತು ದೋಷಗಳಿದ್ದವು. ಮದುವೆ ಆಯಿತು, ಉಳಿದ ಎರಡರ ಬಲದ ಮೇಲೆ ಎಂದು ದಾನೇಶ್ವರಿ ಈಗಲೂ ಹೇಳುತ್ತಾಳೆ.

ಎಲ್ಲಕ್ಕಿಂತ ದೊಡ್ಡದು ಹಾವಿನ ಪ್ರಸಂಗ. ಐದನೆಯ ತರಗತಿಗೆ ಹಾವೊಂದು ನುಗ್ಗಿತಂತೆ. ಮಕ್ಕಳು ಬೆಂಚು ಹತ್ತಿ ಸರ್, ಹಾವು ಎಂದು ಒದರಿದರಂತೆ. ಮಾಸ್ತರರು ಸೀಮೆಸುಣ್ಣ ಕೆಳಗಿಡದೆ, ಹಾವಿನ ಬಗ್ಗೆ ನಿಮಗೇನು ಗೊತ್ತು, ಮೊದಲು ನೀವು ಹೇಳಿ ಎಂದರಂತೆ. ಮಕ್ಕಳು ಹದಿನಾಲ್ಕನೆಯ ಸಂಗತಿಗೆ ಬರುವಷ್ಟರಲ್ಲಿ ಹಾವು ಬೇಸತ್ತು ತಾನಾಗಿಯೇ ಹೊರಗೆ ಹೋಯಿತಂತೆ. ಹಾವನ್ನು ಕಣ್ಣಾರೆ ಕಂಡವರು ಈವರೆಗೆ ನನಗೆ ಸಿಕ್ಕಿಲ್ಲ. ಆದರೆ ಹದಿನಾಲ್ಕು ಸಂಗತಿಗಳನ್ನು ತಪ್ಪದೆ ಹೇಳುವವರು ಓಣಿಯಲ್ಲಿ ಹತ್ತು ಜನ ಇದ್ದಾರೆ.

ಇಂಥ ಮಹಾಪುರುಷರಿಗೆ ವಯಸ್ಸು ನಲವತ್ತೊಂದು. ಮೈ ಸಣಕಲು, ಮೀಸೆ ಮಾತ್ರ ಇಬ್ಬರಿಗೆ ಸಾಕಾಗುವಷ್ಟು. ಅಪ್ಪ ನೇಕಾರ. ಹದಿನಾರರ ಹರೆಯದಲ್ಲಿ ಮಗನನ್ನು ಮಗ್ಗಕ್ಕೆ ಕೂರಿಸಿ, ಮೂರು ದಿನ ನೋಡಿ, ನಾಲ್ಕನೆಯ ದಿನ ಎಬ್ಬಿಸಿ, ಈ ಕೈಗೆ ಪುಸ್ತಕ ಕೊಡುವುದೇ ಕ್ಷೇಮ ಎಂದಿದ್ದ. ಹೀಗೆ ಮಗ್ಗವನ್ನು ಉಳಿಸುವುದಕ್ಕಾಗಿ ಅಮಾತೆಪ್ಪ ಮಾಸ್ತರರಾದವರು. ಮಾಸ್ತರ ಎಂಬ ಆ ಒಂದು ಹೆಸರು ಬಿಟ್ಟರೆ ಅವರಿಗೆ ಬೇರೆ ಕಸುಬೂ ಇರಲಿಲ್ಲ, ಬೇರೆ ಗುರುತೂ ಇರಲಿಲ್ಲ. ಅದೂ ಪೂರ್ತಿ ಅವರದಲ್ಲ. ಅತಿಥಿ ಶಿಕ್ಷಕರನ್ನು ಪ್ರತಿ ಜೂನ್‌ನಲ್ಲಿ ಹೊಸದಾಗಿ ಕರೆಯುತ್ತಾರೆ, ಇಲ್ಲವೇ ಕರೆಯುವುದಿಲ್ಲ.

ಬರುವ ಜೂನ್‌ನಲ್ಲಿ ಕರೆಯುವುದಿಲ್ಲ ಎಂಬ ಲಕ್ಷಣ ಮೊದಲೇ ಕಂಡಿತು. ಹಿಂದಿನ ವರ್ಷ ಮೇಲಿನಿಂದ ಬಂದ ಸಾಹೇಬರೊಬ್ಬರು ಐದನೆಯ ತರಗತಿಗೆ ಒಂದು ಹಾಳೆ ಕೊಟ್ಟು, ಓದಿಸಿ, ಕೆಳಗಿನ ಐದು ಪ್ರಶ್ನೆಗಳಿಗೆ ಉತ್ತರ ಬರೆಸಿದ್ದರು. ಮಕ್ಕಳೆಲ್ಲ ಪ್ರಶ್ನೆಗಳನ್ನೇ ದುಂಡಗೆ ನಕಲು ಮಾಡಿ ಕೊಟ್ಟಿದ್ದರು. ಸಂಕ್ರಾಂತಿ ಕಳೆದ ಮೇಲೆ ಮತ್ತೆ ಬರುತ್ತೇನೆ ಎಂದು ಸಾಹೇಬರು ಈ ವರ್ಷ ಹೇಳಿಕಳಿಸಿದರು. ಇಪ್ಪತ್ಮೂರರಲ್ಲಿ ಹನ್ನೆರಡು ಮಕ್ಕಳಾದರೂ ಓದಿ ಅರ್ಥ ಮಾಡಿಕೊಳ್ಳಬೇಕು, ಐದರಲ್ಲಿ ನಾಲ್ಕು ಉತ್ತರ ಸರಿ ಇರಬೇಕು. ಇಲ್ಲದಿದ್ದರೆ ಓದಿನ ತಾಸು ರದ್ದಾಗಿ ಕಾಪಿ ಬರೆಯುವ ತಾಸು ಬರುತ್ತದೆ. ಕಾಪಿ ಬರೆಸಲು ಅತಿಥಿ ಶಿಕ್ಷಕರು ಬೇಕಾಗಿಲ್ಲ. ಮುಖ್ಯೋಪಾಧ್ಯಾಯಿನಿ ಸಿದ್ದಲಿಂಗವ್ವ ಅಕ್ಕೋರು ಇದನ್ನು ತಿಳಿಸುವಾಗ ಮುಖ ಬೇರೆ ಕಡೆ ಮಾಡಿಕೊಂಡು ತಿಳಿಸಿದರು. ಅವರು ಕಟುಕರಲ್ಲ, ನಿಯಮಕ್ಕೆ ಹೆದರುವವರು, ಅಷ್ಟೇ.

ಈ ವರ್ಷದ ಮಕ್ಕಳಿಗೆ ಓದಲು ಬರುತ್ತಿರಲಿಲ್ಲ ಎಂದು ಯಾರಾದರೂ ತಿಳಿದರೆ ತಪ್ಪು. ಅವರು ಭಯಂಕರವಾಗಿ ಓದುತ್ತಿದ್ದರು. ಅದರಲ್ಲೂ ಲಲಿತಾ ಎಂಬ ಹುಡುಗಿ ಬಾಯಿ ತೆರೆದರೆ ಅಲ್ಪವಿರಾಮಗಳು ಜೀವ ಉಳಿಸಿಕೊಳ್ಳಲು ಪಕ್ಕಕ್ಕೆ ಸರಿಯುತ್ತಿದ್ದವು. ಒತ್ತಕ್ಷರ ತಪ್ಪುತ್ತಿರಲಿಲ್ಲ, ದೀರ್ಘ ತಪ್ಪುತ್ತಿರಲಿಲ್ಲ. ಆ ಅವಧಿಯ ಪಾಠಗಳೆಲ್ಲ ಸಮುದ್ರದ ಮೇಲಿದ್ದವು, ಸಾಹೇಬರ ಹಾಳೆಯೂ ಅದರ ಮೇಲೆಯೇ ಬರುವುದಿತ್ತು. ಬಂದರು, ದೀಪಸ್ತಂಭ, ಅಲೆ, ಹಡಗು ತುಂಬಿದ ಒಂದು ಪುಟವನ್ನು ಅವಳು ಒಂದೇ ಉಸಿರಿನಲ್ಲಿ ಮುಗಿಸಿ ಕೂತಳು. ಮಾಸ್ತರರು ಕೇಳಿದರು.

"ಏನೈತವ್ವ ಅದರಾಗ?"

"ಇಪ್ಪತ್ತೇಳು ಸಾಲ ಅದಾವ್ರಿ ಸರ್."

ಮಾಸ್ತರರು ಪುಸ್ತಕ ತೆಗೆದುಕೊಂಡು ಎಣಿಸಿದರು. ಉತ್ತರ ಸರಿ ಇತ್ತು. ಅಂದು ಅವರು ಊಟ ಮಾಡಲಿಲ್ಲ ಎಂದು ದಾನೇಶ್ವರಿ ಹೇಳುತ್ತಾಳೆ.

ಅಲ್ಲಿಂದ ಶುರುವಾದ ದಂಡಯಾತ್ರೆಗಳಲ್ಲಿ ಮೊದಲನೆಯದು ಪೆಪ್ಪರಮಿಂಟಿನದು. ಹೆಚ್ಚು ಓದಿದವರಿಗೆ ಬಹುಮಾನ ಎಂದು ಸಾರಿ, ಪುಟಕ್ಕೊಂದು ಪೆಪ್ಪರಮಿಂಟ್ ಇಟ್ಟರು. ಓದಿನ ಆಸೆ ಹುಟ್ಟಲಿ ಎಂಬುದು ಉದ್ದೇಶ. ಹುಟ್ಟಿದ್ದು ಪುಟ ತಿರುವುವ ಆಸೆ. ಒಬ್ಬ ವೀರ ಮಧ್ಯಾಹ್ನದ ಬಿಸಿಯೂಟದ ಬಿಡುವಿನಲ್ಲಿ ನಲವತ್ತು ಪುಟ ಮುಗಿಸಿ ಕೈಚಾಚಿದ. ಪುಸ್ತಕ ತಲೆಕೆಳಗಾಗಿತ್ತು. ಡಬ್ಬಿ ಎರಡು ದಿನದಲ್ಲಿ ಖಾಲಿಯಾಯಿತು, ಮೂರನೆಯ ದಿನ ಯಾರೂ ಪುಸ್ತಕ ಮುಟ್ಟಲಿಲ್ಲ. ಕೊಡದಿದ್ದ ಮೇಲೆ ಓದುವುದು ಯಾತಕ್ಕೆ ಎಂದು ತರಗತಿ ಒಮ್ಮತದಿಂದ ತೀರ್ಮಾನಿಸಿತ್ತು. ಮುಂಚೆ ಪುಕ್ಕಟೆಯಾಗಿ ಅರ್ಥವಿಲ್ಲದೆ ಓದುತ್ತಿದ್ದವರು ಈಗ ಅದನ್ನೂ ನಿಲ್ಲಿಸಿದರು.

ಆಮೇಲೆ ನಾಟಕ. ಸಮುದ್ರದ ಬಿರುಗಾಳಿಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸಲು ಮಾಸ್ತರರು ಕುರ್ಚಿಯ ಮೇಲೆ ನಿಂತು, ತೂಗಾಡಿ, ಹಡಗಿನ ಸಮೇತ ಕೆಳಗೆ ಬಿದ್ದರು. ತರಗತಿ ಬಿದ್ದು ಬಿದ್ದು ನಕ್ಕಿತು. ಪಾಠದಲ್ಲಿ ಏನಾಯಿತು ಎಂದು ಕೇಳಿದರೆ, ಸರ್ ಬಿದ್ದರು ಎಂದು ಇಪ್ಪತ್ಮೂರು ಕೈ ಮೇಲೆದ್ದವು.

ಶಾಲೆಯಲ್ಲಿ ಪುಸ್ತಕದ ಕಪಾಟೂ ಒಂದಿತ್ತು. ಅದರ ಕೀಲಿಕೈ ಸಿದ್ದಲಿಂಗವ್ವ ಅಕ್ಕೋರ ಸೆರಗಿನ ಗಂಟಿನಲ್ಲಿತ್ತು. ಒಂದು ಪುಟ ಹರಿದರೂ ಉತ್ತರ ಹೇಳಬೇಕಾದವರು ತಾವು ಎಂಬ ಭಯದಿಂದ ಅವರು ಆ ಪುಸ್ತಕಗಳನ್ನು ಓದುಗರಿಂದ ಕಾಪಾಡಿಕೊಂಡು ಬಂದಿದ್ದರು. ಮಾಸ್ತರರು ವಾರಗಟ್ಟಲೆ ಮುತ್ತಿಗೆ ಹಾಕಿ ಒಂದು ದಿನದ ಮಟ್ಟಿಗೆ ಕೀಲಿ ಗೆದ್ದರು. ಮಕ್ಕಳು ಪುಸ್ತಕದ ವಾಸನೆ ನೋಡಿದರು, ಚಿತ್ರ ನೋಡಿದರು, ಎಲ್ಲಕ್ಕಿಂತ ತೆಳ್ಳಗಿನದು ಯಾವುದೆಂದು ಅಳೆದು ನೋಡಿದರು. ಗಂಟೆ ಬಾರಿಸಿದಾಗ ಒಂದೂ ಹರಿಯದಂತೆ ತಂದಿಟ್ಟರು. ಅಕ್ಕೋರಿಗೆ ಸಂತೋಷವಾಯಿತು. ಮಾಸ್ತರರಿಗೆ ಅಳು ಬಂತು. ಹರಿಯುವಷ್ಟಾದರೂ ಯಾರೂ ಓದಿರಲಿಲ್ಲ.

ತಮ್ಮ ಪ್ರಸಿದ್ಧ ಪ್ರಶ್ನೆಯನ್ನೂ ಅವರು ಹೂಡಿ ನೋಡಿದರು. ಸಮುದ್ರದ ಬಗ್ಗೆ ನಿಮಗೇನು ಗೊತ್ತು, ಮೊದಲು ನೀವು ಹೇಳಿ. ಹಾವಿಗೆ ಹದಿನಾಲ್ಕು ಸಂಗತಿ ಹೇಳಿದ ತರಗತಿ ಸಮುದ್ರಕ್ಕೆ ಬಾಯಿ ಬಿಡಲಿಲ್ಲ. ಏಳು ವರ್ಷಗಳಲ್ಲಿ ಆ ಪ್ರಶ್ನೆ ಗೋಡೆಗೆ ಬಡಿದು ಹಾಗೇ ಮರಳಿದ್ದು ಅದೇ ಮೊದಲು.

ಸಂಕ್ರಾಂತಿ ಹತ್ತಿರ ಬಂತು. ಮಾಸ್ತರರು ಕೊನೆಗೆ ತಾವೇ ಹೀಗಳೆಯುತ್ತಿದ್ದ ಕೆಲಸಕ್ಕೆ ಇಳಿದರು. ಸಮುದ್ರದ ಮೇಲೆ ಯಾವ ಹಾಳೆ ಬಂದರೂ ಬರಬಹುದಾದ ಹತ್ತು ಉತ್ತರಗಳನ್ನು ಹಲಗೆಯ ಮೇಲೆ ಬರೆದು ಬಾಯಿಪಾಠ ಹಚ್ಚಿದರು. ಸಮುದ್ರದ ನೀರು ಉಪ್ಪಾಗಿರುತ್ತದೆ. ದೀಪಸ್ತಂಭವು ನಾವಿಕರಿಗೆ ದಾರಿ ತೋರುತ್ತದೆ. ಮೂರು ದಿನ ತರಗತಿ ಭಜನೆಯಂತೆ ಒದರಿತು. ನಾಲ್ಕನೆಯ ದಿನ ಅವರು ಪ್ರಶ್ನೆಗಳ ಕ್ರಮ ಬದಲಿಸಿ ಕೇಳಿದರು. ದಾರಿ ತೋರುವುದು ಉಪ್ಪು ಎಂಬ ಉತ್ತರ ಬಂತು. ಮಾಸ್ತರರು ಹಲಗೆ ಒರೆಸಿ, ಹಲಗೆಯ ಕಡೆಗೇ ಮುಖ ಮಾಡಿ ಬಹಳ ಹೊತ್ತು ನಿಂತರು. ಮಕ್ಕಳು ಅದನ್ನೂ ನಾಟಕವೆಂದುಕೊಂಡು ಬೀಳುವುದನ್ನು ಕಾಯುತ್ತ ಕುಳಿತರು.

ಉಳಿದದ್ದು ಹದಿನೈದು ದಿನ. ಮನೆಯಲ್ಲಿ ದಾನೇಶ್ವರಿ ಖಣದ ಕುಪ್ಪಸ ಹೊಲಿಯುತ್ತ, ಜೂನ್ ಬಂದರೆ ಏನು ಮಾಡುವುದು ಎಂಬ ಪ್ರಶ್ನೆಯನ್ನು ಬಾಯಿಗೆ ತರದೆ ಸೂಜಿಯಲ್ಲೇ ಕೇಳುತ್ತಿದ್ದಳು. ಅಪ್ಪ ಎಬ್ಬಿಸಿದ ಮಗ್ಗದ ಮುಂದೆ ನಲವತ್ತೊಂದನೆಯ ವಯಸ್ಸಿನಲ್ಲಿ ಮತ್ತೆ ಹೋಗಿ ಕೂರುವ ಚಿತ್ರ ಮಾಸ್ತರರ ಕಣ್ಣ ಮುಂದೆ ಬರುತ್ತಿತ್ತು.

ಅಷ್ಟರಲ್ಲಿ ಲಲಿತಾ ಎರಡು ದಿನ ಶಾಲೆಗೆ ಬರಲಿಲ್ಲ. ಇದ್ದ ಮಕ್ಕಳಲ್ಲಿ ಒಂದು ಕಡಿಮೆಯಾದರೂ ಹನ್ನೆರಡರ ಲೆಕ್ಕ ಇನ್ನಷ್ಟು ದೂರ. ಮಾಸ್ತರರು ಅವಳ ಮನೆಗೆ ಹೋದರು. ನಡುಮನೆಯ ತುಂಬ ಮಗ್ಗ. ಮಗ್ಗದ ಹಿಂದೆ ಲಲಿತಾಳ ಅಜ್ಜಿ ಹುಚ್ಚವ್ವ ಕುಳಿತಿದ್ದಳು. ಖಣದ ಹಳೆಯ ಹಾಸು, ಅಂದರೆ ಮಗ್ಗಕ್ಕೆ ಉದ್ದುದ್ದ ಹೂಡಿದ ನೂಲು, ನೇಯ್ದು ಮುಗಿದಿತ್ತು. ಅದರ ಕೊನೆಯ ಗೇಣುದ್ದದ ಎಳೆಗಳು ಮಗ್ಗದಲ್ಲಿ ಹಾಗೆಯೇ ಜೋತುಬಿದ್ದಿದ್ದವು. ಲಲಿತಾ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಬಿಡಿಸಿ ಕೊಡುತ್ತಿದ್ದಳು. ಅಜ್ಜಿ ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿ ಸೇರಿಸಿ, ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಗಂಟು ಹಾಕುತ್ತಿದ್ದಳು. ಸಾವಿರಾರು ಎಳೆ. ಎರಡು ದಿನದ ಕೆಲಸ. ಈ ಗಂಟುಗಳು ಮುಗಿದ ಮೇಲೆ ಹಳೆಯದನ್ನು ಎಳೆದರೆ ಹೊಸದು ಅದರ ಬೆನ್ನುಹತ್ತಿ ಮಗ್ಗದ ಸಣ್ಣ ಕಣ್ಣುಗಳೊಳಗೆಲ್ಲ ತಾನಾಗಿ ತೂರಿಕೊಂಡು ಬರುತ್ತದೆ.

ಮಾಸ್ತರರು ಇದನ್ನು ಹುಟ್ಟಿದಾಗಿನಿಂದ ನೋಡಿದವರು. ಆದರೂ ಬಾಯಿಚಟ. ಹಳೆಯ ತುದಿಯನ್ನು ಕೊಯ್ದು ಬಿಸಾಡದೆ ಯಾಕೆ ಬಿಟ್ಟಿದ್ದಾರೆ, ಮೊದಲು ಆಯಿಯೇ ಹೇಳಲಿ ಎಂದರು. ಹುಚ್ಚವ್ವ ತಲೆ ಎತ್ತಲಿಲ್ಲ.

"ಅದನ್ನ ಕೊಯ್ದು ಒಗದರ ಹೊಸ ಎಳಿ ಎದಕ ಕಟ್ಟಲೋ ಮಾಸ್ತರ, ನಿನ್ನ ಮೀಸಿಗೇನು?"

ಬೇರೆ ಮಹಾತ್ಮರಿಗೆ ಜ್ಞಾನೋದಯವಾಗಲು ಮರ ಬೇಕು, ನದಿತೀರ ಬೇಕು. ಅಮಾತೆಪ್ಪ ಮಾಸ್ತರರಿಗೆ ಮಗ್ಗದ ಬುಡದಲ್ಲಿ, ನೊಣ ಓಡಿಸುತ್ತ ನಿಂತಾಗ ಆಯಿತು. ಅವರು ಮೀಸೆ ಮುಟ್ಟಿಕೊಂಡರು. ಇಷ್ಟು ತಿಂಗಳು ತಾವು ಮಕ್ಕಳ ತಲೆಗೆ ಸಮುದ್ರದ ಎಳೆಗಳನ್ನು ಮೇಲಿನಿಂದ ಸುರಿಯುತ್ತಿದ್ದದ್ದು ಕಂಡಿತು. ಕಟ್ಟಲು ಒಳಗೆ ಹಳೆಯ ತುದಿ ಯಾವುದಿದೆ ಎಂದು ಹುಡುಕಿಯೇ ಇರಲಿಲ್ಲ. ಸಮುದ್ರ ಗೊತ್ತೇ ಎಂದು ಕೇಳಿದರೆ ಇಲ್ಲ ಎನ್ನದೆ ಇನ್ನೇನು ಅಂದಾರು?

ಅಲ್ಲೇ, ಎಳೆ ಬಿಡಿಸುತ್ತಿದ್ದ ಲಲಿತಾಳನ್ನು ಅವರು ಬೇರೆ ಬಗೆಯಲ್ಲಿ ಕೇಳಿದರು. ನೀನು ಕಂಡ ಎಲ್ಲಕ್ಕಿಂತ ದೊಡ್ಡ ನೀರು ಯಾವುದು? ಅವಳು ಯೋಚಿಸಲಿಲ್ಲ. ಬಾಗಲಕೋಟೆಯ ಹಿನ್ನೀರು ಎಂದಳು. ಅಣೆಕಟ್ಟಿನ ನೀರು ಹಿಂದಕ್ಕೆ ಬಂದು ಹಳೆಯ ಊರಿನ ಎಷ್ಟೋ ಓಣಿಗಳು ಮುಳುಗಿದ್ದವಲ್ಲ, ಆ ನೀರು. ತಾನು ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ, ಅಜ್ಜಿಯ ತವರುಮನೆ ಅದರ ಕೆಳಗಿದೆ ಎಂದಳು.

ಹುಚ್ಚವ್ವನ ಬೆರಳು ಆಗ ಮೊದಲ ಬಾರಿ ನಿಂತಿತು.

ಮರುದಿನ ಮಾಸ್ತರರು ಇಡೀ ತರಗತಿಯನ್ನು ಬಾಗಲಕೋಟೆಗೆ ಕರೆದೊಯ್ಯಲು ಅನುಮತಿ ಕೇಳಿದರು. ಸಿದ್ದಲಿಂಗವ್ವ ಅಕ್ಕೋರು, ಅರ್ಜಿ ಬರೆದು ಮೇಲಕ್ಕೆ ಕಳಿಸಿದರೆ ತಿಂಗಳಲ್ಲಿ ಉತ್ತರ ಬರುತ್ತದೆ ಎಂದರು. ಪರೀಕ್ಷೆಗೆ ಹನ್ನೊಂದು ದಿನ ಇತ್ತು. ಸಮುದ್ರ ಪುಸ್ತಕದಲ್ಲಿದೆ, ಅಲ್ಲೇ ತೋರಿಸಿ ಎಂದೂ ಹೇಳಿದರು. ಮಾಸ್ತರರು ತಲೆಯಾಡಿಸಿ ಹೊರಬಂದು, ಸಂಜೆ ಮನೆಮನೆ ತಿರುಗಿ ತಂದೆತಾಯಿಯರನ್ನು ಒಪ್ಪಿಸಿ, ಭಾನುವಾರಕ್ಕೆ ತೌಸಿಫನ ಟೆಂಪೋ ಗೊತ್ತುಮಾಡಿದರು. ವಾರವಿಡೀ ಖಣದ ಗಂಟು ಹೊರುವ ಟೆಂಪೋ ಅದು. ಅನುಮತಿಯಿಲ್ಲದೆ ಮಕ್ಕಳನ್ನು ಸಾಮಾನಿನ ಗಾಡಿಯಲ್ಲಿ ಒಯ್ಯುವುದೆಂದರೆ ಅತಿಥಿ ಶಿಕ್ಷಕನಿಗೆ ಜೂನ್‌ವರೆಗೂ ಕಾಯುವ ತೊಂದರೆ ಉಳಿಯುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಆದರೂ ಭಾನುವಾರ ಬೆಳಗ್ಗೆ ಟೆಂಪೋದ ಬಾಗಿಲಲ್ಲಿ ನಿಂತು ಹಾಜರಿ ಕರೆದರು.

ಹೀಗೆ ಗುಳೇದಗುಡ್ಡದ ನೌಕಾಪಡೆ ಹೊರಟಿತು. ಮುಂದಿನ ಸೀಟಿನಲ್ಲಿ ದಳಪತಿ ಹುಚ್ಚವ್ವ, ಹಿಂದೆ ಇಪ್ಪತ್ಮೂರು ನಾವಿಕರು, ಇಬ್ಬರು ತಾಯಂದಿರು, ಜೋಳದ ರೊಟ್ಟಿಯ ಒಂದು ಗಂಟು. ಶಿರೂರು ದಾಟುವಷ್ಟರಲ್ಲಿ ಇಬ್ಬರಿಗೆ ವಾಂತಿಯಾಗಿ ಸಮುದ್ರಯಾನದ ಲಕ್ಷಣಗಳು ಪೂರ್ತಿಯಾದವು.

ನೀರಿನ ಅಂಚಿಗೆ ಬಂದು ನಿಂತಾಗ ಗದ್ದಲ ತಾನಾಗಿ ನಿಂತಿತು. ಚಳಿಗಾಲದ ಮಂಜಿನಲ್ಲಿ ಆಚೆಯ ದಂಡೆ ಕಾಣುತ್ತಿರಲಿಲ್ಲ. ಗಾಳಿಗೆ ನೀರು ಸಾಲುಸಾಲಾಗಿ ಎದ್ದು ಬಂದು ಕಾಲ ಬಳಿ ಒಡೆಯುತ್ತಿತ್ತು. ಇವೇ ಅಲೆಗಳು ಎಂದರು ಮಾಸ್ತರರು. ದೂರದಲ್ಲಿ ಮೀನುಗಾರನೊಬ್ಬನ ತೆಪ್ಪ ಕಪ್ಪು ಚುಕ್ಕೆಯಂತೆ ಮೇಲೆ ಕೆಳಗೆ ಆಗುತ್ತಿತ್ತು. ಕತ್ತಲಾದರೆ ಅವನಿಗೆ ದಡ ಯಾವ ಕಡೆ ಎಂದು ಹೇಗೆ ತಿಳಿಯುತ್ತದೆ ಎಂದು ಯಾರೋ ಕೇಳಿದರು. ದೀಪಸ್ತಂಭ ಎಂದು ಲಲಿತಾ ತನಗೆ ತಾನೇ ಹೇಳಿಕೊಂಡಳು.

ಹುಚ್ಚವ್ವ ಸೆರಗು ಹೊದ್ದು ನೀರಿನ ಕಡೆ ಬೆರಳು ಮಾಡಿದಳು. ಅಗೋ, ಅಲ್ಲಿ ತನ್ನ ತವರುಮನೆ. ಅದರ ಎದುರು ಬೇವಿನ ಮರ. ಮರದ ಪಕ್ಕ ಹಿಟ್ಟಿನ ಗಿರಣಿ. ಬೆಳಗ್ಗೆ ಅದರ ಸದ್ದಿಗೇ ಓಣಿ ಏಳುತ್ತಿತ್ತು. ಅದರಾಚೆ ಹೆಣ್ಣುಮಕ್ಕಳ ಶಾಲೆ. ನೀರು ಬರುತ್ತದೆಂದು ಮೊದಲೇ ಹೇಳಿದ್ದರು, ಬಾಗಿಲು ಕಿಟಕಿ ಕಿತ್ತುಕೊಂಡು ಎಲ್ಲರೂ ಹೊರಟರು. ಬೀಸುಕಲ್ಲನ್ನು ಎತ್ತಲಾಗದೆ ಅಲ್ಲೇ ಬಿಟ್ಟರು. ಅದರ ಮುಂದೆ ಕುಳಿತು ತನ್ನ ಅವ್ವ ಹಾಡುತ್ತಿದ್ದಳು. ಮಕ್ಕಳು ನೀರನ್ನೇ ನೋಡುತ್ತ ನಿಂತರು. ಆಮೇಲೆ ಪ್ರಶ್ನೆಗಳು ಒಂದರ ಮೇಲೊಂದು ಬಿದ್ದವು. ಗಿರಣಿ ಈಗಲೂ ಇದೆಯೇ? ಮೀನು ಅದರೊಳಗೆ ಹೋಗುತ್ತವೆಯೇ? ಕಲ್ಲು ನೀರಲ್ಲಿ ಕರಗುತ್ತದೆಯೇ? ಏಳು ವರ್ಷ ಪ್ರಶ್ನೆ ಕೇಳಿದವರನ್ನು ಏಳು ನಿಮಿಷದಲ್ಲಿ ಪ್ರಶ್ನೆಗಳು ಹೂತುಹಾಕಿದವು.

ಒಬ್ಬಳು ಬೊಗಸೆಯಲ್ಲಿ ನೀರು ಎತ್ತಿ ನಾಲಗೆಗೆ ಹಚ್ಚಿಕೊಂಡು, ಇದು ಸಪ್ಪಗಿದೆ ಎಂದು ದೂರಿದಳು. ಸಮುದ್ರವೂ ಹೀಗೆಯೇ, ಇದಕ್ಕಿಂತ ಬಹಳ ದೊಡ್ಡದು, ನೀರು ಉಪ್ಪಂತೆ ಎಂದರು ಮಾಸ್ತರರು.

"ನೀವು ಕುಡದೀರೇನ್ರಿ ಸರ್?"

ಮಾಸ್ತರರಿಗೆ ಆಗ ರೊಟ್ಟಿಯ ಗಂಟಿನ ನೆನಪಾಯಿತು. ಎಲ್ಲರೂ ಊಟಕ್ಕೆ ಕೂತರು.

ಸೋಮವಾರ ಬೆಳಗ್ಗೆ ಸುದ್ದಿ ಅವರಿಗಿಂತ ಮೊದಲು ಶಾಲೆಗೆ ಬಂದಿತ್ತು. ಸಿದ್ದಲಿಂಗವ್ವ ಅಕ್ಕೋರು ಕೂಗಾಡಲಿಲ್ಲ, ಕೂಗಾಡಿದ್ದರೆ ವಾಸಿಯಿತ್ತು. ಒಂದು ಮಗುವಿಗೆ ಏನಾದರೂ ಆಗಿದ್ದರೆ ಎಂದು ಕೇಳಿದರು.

"ಸಾಹೇಬರು ಬಂದಾಗ ಇದನ್ನ ನಾ ಮುಚ್ಚಿಡಾಂಗಿಲ್ರಿ, ಮಾಸ್ತರ್ರ," ಎಂದರು ಅಕ್ಕೋರು. "ಹೇಳಾಕಬೇಕು."

ಮಾಸ್ತರರು ಹೂಂ ಎಂದು ತರಗತಿಗೆ ಹೋದರು. ಹೋಗುವಾಗ ಬಾಗಿಲಲ್ಲಿ ಎಡವಿದ್ದು ನಾಟಕವಾಗಿರಲಿಲ್ಲ.

ಆದರೆ ಆ ಮಧ್ಯಾಹ್ನ ಅಕ್ಕೋರ ಕೋಣೆಯ ಮುಂದೆ ವಿಚಿತ್ರವೊಂದು ನಡೆಯಿತು. ಐದನೆಯ ತರಗತಿ ಸಾಲಾಗಿ ಬಂದು ನಿಂತಿತ್ತು. ನೀರಿನ ಕೆಳಗೆ ಬಿಟ್ಟದ್ದು ಏನಾಗುತ್ತದೆ ಎಂದು ಸರ್‌ಗೆ ಗೊತ್ತಿಲ್ಲವಂತೆ, ಕಪಾಟಿನಲ್ಲಿ ನೋಡಬೇಕಂತೆ. ಅಕ್ಕೋರು ಗದರಿಸಿ ಕಳಿಸಿದರು. ಮರುದಿನ ಮತ್ತೆ ಬಂದರು. ಮೂರನೆಯ ದಿನ ಅಕ್ಕೋರ ಚಹಾ ಬಾಗಿಲಲ್ಲಿನ ಇಪ್ಪತ್ಮೂರು ಜೋಡಿ ಕಣ್ಣುಗಳ ಮುಂದೆ ಆರಿ ತಣ್ಣಗಾಯಿತು. ಅವರು ಸೆರಗಿನ ಗಂಟು ಬಿಚ್ಚಿದರು. ವಾರದೊಳಗೆ ಮೀನು, ನದಿ, ಹಡಗು, ಮಳೆಯ ಮೇಲಿನ ಪುಸ್ತಕಗಳೆಲ್ಲ ಕೈಯಿಂದ ಕೈಗೆ ಹೋಗಿ ಎರಡು ಪುಸ್ತಕಗಳ ಬೆನ್ನು ಹರಿದವು. ಹರಿದ ಪುಸ್ತಕ ನೋಡಿ ಮಾಸ್ತರರು ಕದ್ದು ನಕ್ಕರು. ಸಂತೋಷ ಅಷ್ಟಕ್ಕೇ. ಎಂಟು ದಿನದಲ್ಲಿ ಹುಟ್ಟಿದ ಈ ಹಸಿವು ಹನ್ನೆರಡು ಮಕ್ಕಳನ್ನು ದಡ ಮುಟ್ಟಿಸುತ್ತದೆಂದು ಅವರಿಗೆ ನಂಬಿಕೆ ಇರಲಿಲ್ಲ. ಮುಟ್ಟಿಸಿದರೂ ಟೆಂಪೋದ ವಿಷಯ ಹೊರಬೀಳಲೇಬೇಕಿತ್ತು.

ಸಾಹೇಬರು ಬಂದರು. ರಾಜಕುಮಾರ ಎಂದು ಹೆಸರು, ಇಸ್ತ್ರಿಯ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಒಂದು ಕೆಂಪು. ಸಮುದ್ರದ ಆಳದ ಮೇಲೆ ಒಂದು ಹಾಳೆ ಹಂಚಿದರು. ತರಗತಿ ಓದತೊಡಗಿತು. ಎಂದಿನ ರಭಸ ಇರಲಿಲ್ಲ. ಲಲಿತಾ ಸಾಲಿನ ಮಧ್ಯೆ ನಿಲ್ಲುತ್ತಿದ್ದಳು, ಹಿಂದಕ್ಕೆ ಹೋಗಿ ಮತ್ತೆ ಓದುತ್ತಿದ್ದಳು. ಮಾಸ್ತರರು ಬಾಗಿಲಲ್ಲಿ ನಿಂತು ಇದನ್ನು ನೋಡಿದರು. ಇದ್ದ ಓದೂ ಹೋಯಿತು ಎಂದುಕೊಂಡರು.

ಅರ್ಧ ತಾಸಿನ ಮೇಲೆ ಸಾಹೇಬರು ಮೇಜಿನ ಮುಂದೆ ಕುಳಿತು ಮೊದಲ ಉತ್ತರಗಳ ಹಾಳೆ ತೆಗೆದರು. ಒಂದು, ಎರಡು, ಸರಿ. ಮೂರನೆಯದಕ್ಕೆ ಕೆಂಪು ಪೆನ್ನು ನಿಂತಿತು. ಇನ್ನೊಂದು ಹಾಳೆ ತೆಗೆದರು, ಮತ್ತೊಂದು ತೆಗೆದರು. ಎಲ್ಲದರಲ್ಲೂ ಅದೇ. ಸಮುದ್ರದ ತಳದಲ್ಲಿ ಏನೇನು ಇರುತ್ತದೆ ಎಂಬ ಪ್ರಶ್ನೆಗೆ ಮಕ್ಕಳು ಬರೆದದ್ದು ಹೀಗೆ: ಮರಳು, ಹವಳ, ಮೀನು, ಮುಳುಗಿದ ಹಡಗು ಮತ್ತು ಹಿಟ್ಟಿನ ಗಿರಣಿ. ಕೆಲವರು ಬೇವಿನ ಮರ ಸೇರಿಸಿದ್ದರು. ಒಬ್ಬಳು ಹೆಣ್ಣುಮಕ್ಕಳ ಶಾಲೆಯನ್ನೂ, ಬೀಸುಕಲ್ಲನ್ನೂ ಸೇರಿಸಿದ್ದಳು.

ಸಾಹೇಬರು ಆ ಹಾಳೆಯನ್ನು ಸಿದ್ದಲಿಂಗವ್ವ ಅಕ್ಕೋರ ಕಡೆ ಸರಿಸಿ, ಸಮುದ್ರದಲ್ಲಿ ಗಿರಣಿ ಎಲ್ಲಿಂದ ಬಂತು ಎಂದು ಮಾಸ್ತರರನ್ನು ಕೇಳಿದರು. ಮಾಸ್ತರರು ಮಕ್ಕಳ ಕಡೆ ತಿರುಗಿದರು. ಸಾಹೇಬರು ಹತ್ತಿರವಿದ್ದ ಲಲಿತಾಳನ್ನು ಕರೆದರು. ಓದಿದ ಹಾಳೆ ಇನ್ನೂ ಅವಳ ಕೈಯಲ್ಲಿತ್ತು. ಎಲ್ಲರೂ ಹಾಳೆ ಮರಳಿ ಕೊಡಬೇಕೆಂದು ಆಗಲೇ ಹೇಳಿದ್ದರೂ ತರಗತಿಯಲ್ಲಿ ಯಾರೂ ಕೊಟ್ಟಿರಲಿಲ್ಲ. ಗಿರಣಿ ಇದರಲ್ಲಿ ಎಲ್ಲಿದೆ, ತೋರಿಸು ಎಂದರು ಸಾಹೇಬರು.

"ಇದರಾಗ ಬರದಿಲ್ರಿ," ಎಂದಳು ಲಲಿತಾ. "ಅದು ನಮಗ ಮೊದಲ ಗೊತ್ತಿತ್ತು. ಹಡಗ ಮುಳುಗೂಮುಂದ ಮ್ಯಾಲಿದ್ದ ಮಂದಿಗೆ ಯಾರರ ಹೇಳಿದ್ರೋ ಇಲ್ಲೋ, ಅದನ್ನೂ ಬರದಿಲ್ಲ. ಹಾಳಿ ಮುಗದಬಿಟ್ಟೈತಿ. ಉಳದದ್ದು ಎಲ್ಲೈತ್ರಿ ಸರ್?"

ಸಾಹೇಬರು ಹಾಳೆ ತೆಗೆದುಕೊಂಡು ಹಿಂದೆ ತಿರುಗಿಸಿ ನೋಡಿದರು. ಅಚ್ಚು ಹಾಕಿಸಿದ್ದು ಅವರೇ, ಹಿಂದೆ ಏನೂ ಇಲ್ಲವೆಂದು ಅವರಿಗೆ ಗೊತ್ತಿತ್ತು. ಆದರೂ ನೋಡಿದರು. ಆಮೇಲೆ, ಮಕ್ಕಳಿಗೆ ಗಿರಣಿ ತೋರಿಸಿದವರು ಯಾರು ಎಂದು ಕೇಳಿದರು.

ಮಾಸ್ತರರು ಕಣ್ಣು ಮುಚ್ಚಿಕೊಂಡರು. ಸಿದ್ದಲಿಂಗವ್ವ ಅಕ್ಕೋರು ಮುಂದಿದ್ದ ಹಾಳೆಯಿಂದ ತಲೆ ಎತ್ತಿದರು.

"ನಾನ ಕಳಿಸಿದ್ದೆರಿ," ಎಂದರು. "ಬಾಗಲಕೋಟಿ ಹಿನ್ನೀರ ನೋಡಕೊಂಡ ಬರ್ರಿ ಅಂತ."

ನಿಯಮಕ್ಕೆ ಹೆದರುವ ಅಕ್ಕೋರು ಹೀಗೇಕೆ ಅಂದರು ಎಂಬ ಬಗ್ಗೆ ಓಣಿಯಲ್ಲಿ ಭಿನ್ನಾಭಿಪ್ರಾಯಗಳಿವೆ. ಮಕ್ಕಳು ಹಾಳೆ ಬಿಡದೆ ಹಿಡಿದದ್ದನ್ನು ಕಂಡು ಅಂದರು ಎನ್ನುವವರಿದ್ದಾರೆ. ಹರಿದ ಎರಡು ಪುಸ್ತಕಗಳ ಪಾಪ ಮರೆಸಲು ಅಂದರು ಎಂದು ತೌಸಿಫ ಹೇಳುತ್ತಾನೆ. ಮೂರನೆಯ ಕಾರಣ ಹುಚ್ಚವ್ವನಿಗೆ ಮಾತ್ರ ಗೊತ್ತು. ನೀರಿನ ಕೆಳಗಿನ ಆ ಹೆಣ್ಣುಮಕ್ಕಳ ಶಾಲೆಗೆ, ಎರಡು ಜಡೆ ಹಾಕಿಕೊಂಡು ಗಿರಣಿಯ ಮುಂದಿನಿಂದ ಹೋಗುತ್ತಿದ್ದ ಸಿದ್ದಲಿಂಗವ್ವ ಎಂಬ ಹುಡುಗಿ ಅವಳಿಗೆ ನೆನಪಿದ್ದಾಳೆ.

ಸಾಹೇಬರು ನಿಯಮ ಬಿಡಲಿಲ್ಲ. ಹಾಳೆಯಲ್ಲಿ ಇಲ್ಲದ್ದನ್ನು ಬರೆದದ್ದಕ್ಕೆ ಮೂರನೆಯ ಉತ್ತರ ಇಪ್ಪತ್ಮೂರು ಮಕ್ಕಳಿಗೂ ತಪ್ಪೆಂದು ಗೀರಿದರು. ಇನ್ನು ಉಳಿದ ನಾಲ್ಕರಲ್ಲಿ ಒಂದು ತಪ್ಪಿದರೂ ಆ ಮಗು ಹೋಯಿತು. ಮಾಸ್ತರರು ಗೋಡೆಗೆ ಬೆನ್ನು ಹಚ್ಚಿ ಕೆಂಪು ಪೆನ್ನನ್ನೇ ನೋಡುತ್ತಿದ್ದರು. ಏಳನೆಯ ಹಾಳೆ, ಎಂಟನೆಯ ಹಾಳೆ. ಪೆನ್ನು ಕೆಲವೊಮ್ಮೆ ಗೀರಿತು, ಕೆಲವೊಮ್ಮೆ ಬಿಟ್ಟಿತು. ಕೊನೆಯ ಹಾಳೆ ಮುಗಿಸಿ ಸಾಹೇಬರು ಬೆರಳು ಮಡಚಿ ಎಣಿಸಿದರು, ನಂಬದೆ ಮತ್ತೊಮ್ಮೆ ಎಣಿಸಿದರು. ಹದಿನಾಲ್ಕು.

ಓದಿನ ತಾಸು ಇದ್ದಂತೆ ಇರಲಿ ಎಂದು ಅವರು ಅಲ್ಲೇ ಬರೆದು ಸಹಿ ಹಾಕಿದರು, ಅದನ್ನು ನಡೆಸುವವರೂ ಇರಲಿ ಎಂದು ಒಂದು ಸಾಲು ಸೇರಿಸಿದರು. ಮಾಸ್ತರರು ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತುಬಿಟ್ಟರು.

ಹೊರಡುವ ಮುನ್ನ, ಅಕ್ಕೋರ ಬಾಯಿಂದ ಮಾಸ್ತರರ ಪ್ರಶ್ನೆಯ ವಿಷಯ ಕೇಳಿ, ಸಾಹೇಬರಿಗೆ ಉತ್ಸಾಹ ಬಂತು. ಪಾಠಕ್ಕೆ ಮುಂಚೆ ಮಕ್ಕಳಿಗೆ ಮೊದಲೇ ಗೊತ್ತಿರುವುದನ್ನು ಹೊರತೆಗೆಯುವ ಈ ಪದ್ಧತಿ ಅಪರೂಪದ್ದು ಎಂದರು. ಮುಂದಿನ ತಿಂಗಳು ಶಿಕ್ಷಕರ ಸಭೆಯಲ್ಲಿ ಇದರ ಮೇಲೆ ಭಾಷಣ ಮಾಡಬೇಕೆಂದರು. ಏಳು ವರ್ಷದಿಂದ ಬಿಡದೆ ಕೇಳಿಕೊಂಡು ಬಂದ ಆ ಪ್ರಶ್ನೆಯ ಹಿಂದೆ ಯಾವ ತರಬೇತಿ ಇದೆ, ಎಂಥ ಚಿಂತನೆ ಇದೆ, ಎಲ್ಲಿ ಕಲಿತಿರಿ ಎಂದು ಪೆನ್ನು ಹಿಡಿದು ಕೇಳಿದರು. ತರಗತಿ ಕಿವಿಗೊಟ್ಟಿತು. ಅಕ್ಕೋರೂ ಬಾಗಿಲಲ್ಲಿ ನಿಂತರು.

ಮಾಸ್ತರರು ಮೀಸೆ ಒರೆಸಿಕೊಂಡರು.

"ಎಲ್ಲೂ ಕಲ್ತಿಲ್ರಿ," ಎಂದರು. "ಪಾಠದಾಗಿಂದು ಭಾಳ ಸಲ ನನಗೂ ಗೊತ್ತಿರಾಂಗಿಲ್ಲ. ಅದಕ್ಕ ಮೊದಲ ಹುಡುಗ್ರನ್ನ ಕೇಳ್ತೇನಿ. ಸಮುದ್ರ ನಾನೂ ನೋಡಿಲ್ರಿ."